ಆಮ್ಲವಿಲ್ಲದ ತಟ್ಟೆ

2019ರ ಮಾರ್ಚ್ 14, ಗುರುವಾರ, ಬೆಳಗ್ಗೆ 10.40. ಪ್ರಯೋಗಾಲಯದ ಮೇಜಿನ ಮೇಲೆ ಮುಚ್ಚಳ ಹಾಕಿದ ಎರಡು ಗಾಜಿನ ತಟ್ಟೆಗಳಿದ್ದವು. ಪ್ರೊಫೆಸರ್ ಕೂರಲಾರದೆ ಮೇಜಿನ ಸುತ್ತ ಓಡಾಡುತ್ತಿದ್ದರು. ಸಿಂಕಿನಲ್ಲಿದ್ದ ಬೀಕರುಗಳನ್ನು ತೊಳೆದರು. ತೊಳೆದದ್ದನ್ನೇ ಮತ್ತೆ ತೊಳೆದರು.

ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರಿಗಿಟ್ಟ ಹೆಸರು ತಾಳ್ಮೆ ಮೇಡಂ. ಮೀನಿನ ಮರಿಯ ಅಸ್ಥಿಪಂಜರ ನೋಡಬೇಕಾದರೆ ಎರಡು ಬಣ್ಣ ಬೇಕು. ನೀಲಿ ಮೃದ್ವಸ್ಥಿಗೆ ಹಿಡಿಯುತ್ತದೆ, ಕೆಂಪು ಗಟ್ಟಿ ಮೂಳೆಯ ಸುಣ್ಣಕ್ಕೆ. ನೀಲಿಯನ್ನು ಆಮ್ಲದಲ್ಲಿ ಕಲಸುವುದು ವಾಡಿಕೆ. ಬೇರೆಯವರು ಒಂದೆರಡು ಗಂಟೆಯಲ್ಲಿ ಮರಿಗಳನ್ನು ಎತ್ತಿಬಿಟ್ಟರೆ ಇವರು ಇಡೀ ರಾತ್ರಿ ನೆನೆಹಾಕುತ್ತಿದ್ದರು. ಅಂಥ ಕಡುನೀಲಿ ಚಿತ್ರಗಳು ಇನ್ನಾರ ಬಳಿಯೂ ಇರಲಿಲ್ಲ. ಆ ಚಿತ್ರಗಳ ಬಲದ ಮೇಲೆ ಮೂವತ್ತು ವರ್ಷಗಳಿಂದ ಅವರು ಹೇಳಿಕೊಂಡು ಬಂದದ್ದು ಇಷ್ಟು: ಈ ಕೆರೆಮೀನಿನಲ್ಲಿ ಕಿವಿರು ಮುಚ್ಚುವ ಮೂಳೆ ಮೂಡುವುದು ಮರಿ ಬಾಯಿ ತೆರೆದು ತಿನ್ನತೊಡಗಿದ ಮೇಲೆ, ಮೈ 6.1 ಮಿಲಿಮೀಟರ್ ಆದಾಗ. ಬಾಯಿಯ ಕೆಲಸವೇ ಆ ಮೂಳೆಯನ್ನು ಕರೆದು ತರುತ್ತದೆ. ಪಠ್ಯಪುಸ್ತಕಕ್ಕೆ ಇದನ್ನೇ ಬರೆದುಕೊಟ್ಟಿದ್ದರು. ಆ ಅಧ್ಯಾಯ ಅವತ್ತು ಸಂಜೆ ಅಚ್ಚಿಗೆ ಹೋಗುವುದಿತ್ತು.

ವಾರದ ಮೊದಲಲ್ಲಿ ಹಳೆಯ ಶಿಷ್ಯೆ ಫೋನ್ ಮಾಡಿದ್ದಳು. ಸದಾ ಏನಾದರೊಂದು ಹೊತ್ತು ಓಡಾಡುತ್ತಿದ್ದ ಅವಳನ್ನು ಎಲ್ಲರೂ ಇರುವೆ ಎನ್ನುತ್ತಿದ್ದರು; ಈಗ ಬೇರೆ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಆಮ್ಲದ ಬದಲು ಉಪ್ಪಿನ ದ್ರಾವಣದಲ್ಲಿ ನೀಲಿ ಕಲಸಿದರೆ ಇನ್ನೂ ಬಾಯಿ ತೆರೆಯದ ಮರಿಗಳಲ್ಲೂ ಕಿವಿರಿನ ಬಳಿ ಕೆಂಪು ಕಾಣುತ್ತಿದೆ ಎಂದಳು. ತಾನೇ ಎಲ್ಲೋ ಎಡವಿರಬೇಕು ಎಂದೂ ಸೇರಿಸಿದಳು. ಅವಳು ಎಡವುವವಳಲ್ಲ ಎಂಬುದೇ ಪ್ರೊಫೆಸರರ ನಿದ್ದೆ ಕೆಡಿಸಿತ್ತು.

ಅದಕ್ಕೇ ಒಂದೇ ತಾಯಿಯ ಸಣ್ಣ ದೊಡ್ಡ ಮರಿಗಳನ್ನು ಎರಡು ಪಾಲು ಮಾಡಿ, ಒಂದನ್ನು ಆಮ್ಲದ ನೀಲಿಯಲ್ಲಿ, ಇನ್ನೊಂದನ್ನು ಆಮ್ಲವಿಲ್ಲದ ನೀಲಿಯಲ್ಲಿ ನೆನೆಸಿದ್ದರು. ಈಗ ಎರಡೂ ಕೆಂಪಿನಲ್ಲಿದ್ದವು. ಇನ್ನೂ ಮುಕ್ಕಾಲು ಗಂಟೆ ಬೇಕಿತ್ತು.

ಅಷ್ಟರಲ್ಲಿ, ಕಾರು ಓಡಿಸಲು ಕಲಿಸುವ ಅವರ ಗಂಡ, ಹೆಂಡತಿ ಮನೆಯಲ್ಲೇ ಮರೆತಿದ್ದ ಕನ್ನಡಕ ಹಿಡಿದು ಬಂದರು. ಹೆಂಡತಿಯ ಮುಖ ನೋಡಿಯೇ ಚಿಂತೆ ಇನ್ನೂ ಬಿಟ್ಟಿಲ್ಲವೆಂದು ಅವರಿಗೆ ಗೊತ್ತಾಯಿತು.

"ಮೀನಿಗೆ ಮೂಳೆ ಯಾವಾಗ ಬಂದ್ರೆ ಏನೀಗ? ಗಂಟಲಲ್ಲಿ ಸಿಕ್ಕಾಗ ನಮಗೇ ಗೊತ್ತಾಗುತ್ತೆ."

"ನನಗೆ ಆಗಲೇ ಸಿಕ್ಕಿಕೊಂಡಿದೆ, ರೀ."

ಈಗ ಅಚ್ಚಾಗಲಿ, ತಪ್ಪಿದ್ದರೆ ಆಮೇಲೆ ತಿದ್ದಿದರಾಯಿತು ಎಂದು ಗಂಡ ಸಮಾಧಾನ ಹೇಳಿದರು. ಅಚ್ಚಾದದ್ದನ್ನು ಮಕ್ಕಳು ಬಾಯಿಪಾಠ ಮಾಡಿಬಿಡುತ್ತಾರೆ ಎಂದು ಪ್ರೊಫೆಸರ್ ಗೊಣಗಿದರು. ಗಂಡ ಕನ್ನಡಕವನ್ನು ತಾವೇ ಅವರ ಮೂಗಿನ ಮೇಲಿಟ್ಟು ಹೊರಟರು.

ಮುಕ್ಕಾಲು ಗಂಟೆ ಆಗುತ್ತಿದ್ದಂತೆ ಪ್ರೊಫೆಸರ್ ಮೊದಲು ಆಮ್ಲದ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಎಂದಿನಂತೆ ಕಣ್ಣಿಗೆ ಹಬ್ಬವಾಗುವ ನೀಲಿ. ಸಣ್ಣ ಮರಿಗಳಲ್ಲಿ ಕೆಂಪಿನ ಸುಳಿವಿಲ್ಲ. ಜೀವ ಬಂದಂತಾಯಿತು. ಎರಡನೆಯ ತಟ್ಟೆಯ ನೀಲಿ ಪೇಲವವಾಗಿತ್ತು. ವಿದ್ಯಾರ್ಥಿ ಯಾರಾದರೂ ತಂದಿದ್ದರೆ ಮತ್ತೆ ಮಾಡು ಎಂದು ಕಳಿಸುತ್ತಿದ್ದರು. ಆದರೆ ಸಣ್ಣ ಮರಿಯೊಂದರ ಕಣ್ಣಿನ ಹಿಂದೆ, ಕತ್ತರಿಸಿದ ಉಗುರಿನ ಚೂರಿನಂಥ ಕೆಂಪು ಕಮಾನೊಂದಿತ್ತು.

ಚರ್ಮಕ್ಕೆ ಅಂಟಿದ ಬಣ್ಣವಿರಬಹುದೆಂದು ತೊಳೆದರು. ಹೋಗಲಿಲ್ಲ. ಸೂಜಿಯಿಂದ ಮರಿಯನ್ನು ಹೊರಳಿಸಿದರು. ಆ ಬದಿಯಲ್ಲೂ ಅದೇ ಜಾಗದಲ್ಲಿ ಅದೇ ಕಮಾನು. ಕೊಳೆ ಹೀಗೆ ಅಳತೆ ಮಾಡಿ ಎರಡೂ ಕಡೆ ಕೂರುವುದಿಲ್ಲ. ಮರಿಯ ಬಾಯಿ ಇನ್ನೂ ತೆರೆದಿರಲಿಲ್ಲ. ಎಳೆಯ ಮೂಳೆಯಲ್ಲಿದ್ದ ಚೂರುಪಾರು ಸುಣ್ಣ ರಾತ್ರಿಯಿಡೀ ಆಮ್ಲದಲ್ಲಿ ಕರಗಿಹೋಗುತ್ತಿತ್ತು. ಬೆಳಗ್ಗೆ ಕೆಂಪು ಹಿಡಿಯಲು ಅಲ್ಲಿ ಏನೂ ಉಳಿದಿರುತ್ತಿರಲಿಲ್ಲ.

ಫೋನ್ ಎತ್ತಿಕೊಂಡರು.

"ನೀನು ಎಡವಿಲ್ಲ ಕಣೇ. ಮೂಳೆ ಅಲ್ಲೇ ಇತ್ತು. ನನ್ನ ತಾಳ್ಮೆನೇ ಅದನ್ನ ಕರಗಿಸ್ತಾ ಇತ್ತು."

ಆ ಕಡೆಯಿಂದ ಇರುವೆ ಮೆಲ್ಲಗೆ, "ಅಧ್ಯಾಯ ಇವತ್ತೇ ಅಲ್ವಾ ಮೇಡಂ?" ಎಂದಳು.

"ಬಾಯಿ ಕೆಲಸದ ಪ್ಯಾರಾ ಪೂರ್ತಿ ತೆಗೀತೀನಿ. ಮೊದಲು ನೋಡಿದ್ದು ನೀನು ಅಂತ ಬರೀತೀನಿ."

"ಉದ್ದ ಎಷ್ಟು ಅಂತ ಹಾಕ್ತೀರಿ? ನನ್ನ ಮರಿ 4.6 ಇತ್ತು."

"ನಿಂದು ನಿಂದೇ. ನಾನು ಅಳೆದದ್ದನ್ನ ನಾನು ಹಾಕ್ತೀನಿ."

ಫೋನ್ ಇಟ್ಟು, ಆ ಬೆಳಗ್ಗೆ ಮೊದಲ ಸಲ ಕುರ್ಚಿಯಲ್ಲಿ ಕೂತರು. ಎರಡೂ ಬದಿ ಕೆಂಪಿದ್ದ ಮರಿಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ, ಅಳತೆಪಟ್ಟಿಯ ಪಕ್ಕ ನೆಟ್ಟಗೆ ಮಲಗಿಸಿದರು. ಎರಡು ಸಲ ಅಳೆದು, ಅಧ್ಯಾಯದಲ್ಲಿ 6.1 ಇದ್ದ ಕಡೆ ಅದನ್ನು ಹೊಡೆದು ಬರೆದರು: 4.4 ಮಿಲಿಮೀಟರ್.