ಬಸುರಿಯರ ಕಾಮಣಿ

ಎಪ್ಪತ್ತೆರಡರ ಬರ ಕಳೆದು ಮರುವರ್ಷ ಮಳೆ ಬಿದ್ದಾಗ ಬೆಳುಂಕಿಯ ಬಾವಿ ತುಂಬಿತು. ಊರ ಹೊಲಸನ್ನೆಲ್ಲ ಹೊತ್ತ ಹಳ್ಳದ ನೀರೂ ಅದರೊಳಗೆ ಇಳಿದಿತ್ತು. ನೀರು ಕಂಡರೆ ಸಾಕು ಎನ್ನುವಂತಿದ್ದ ಜನ ಅದರ ಬಣ್ಣ ನೋಡಲಿಲ್ಲ. ದುಂಡವ್ವ ಹಿಗ್ಗಿನಿಂದ ಕುಣಿಕೋಣೂರಿಗೆ ಹೋಗಿ, ಚೊಚ್ಚಿಲ ಬಸುರಿ ಮಗಳು ಕಾಳವ್ವನನ್ನು ಹೆರಿಗೆಗೆ ಕರೆತಂದಳು. ಇನ್ನೊಂದು ತಿಂಗಳು ಇರಲಿ ಎಂದು ಬೀಗರು ಹೇಳಿದರೂ ಕೇಳಲಿಲ್ಲ.

ಮೊದಲು ಕಾಮಣಿ ಹಿಡಿದದ್ದು ದುಂಡವ್ವನ ಗಂಡ ಭರಮಣ್ಣನಿಗೆ. ಕಣ್ಣು, ಉಗುರು ಅರಿಷಿಣದಂತಾದವು. ಮುಂಗೈಗೆ ಬರೆ ಹಾಕಿಸಿಕೊಂಡ, ಮಜ್ಜಿಗೆ ಅನ್ನ ಉಂಡು ಕೆಲವು ದಿನ ಮಲಗಿದ, ಎದ್ದು ಕುರಿಗಳ ಹಿಂದೆ ಹೋದ. ಓಣಿಯ ಹಲವರಿಗೆ ಹೀಗೇ ಬಂದು ಹೋಯಿತು. ಹಾಗಾಗಿ ಕಾಳವ್ವನ ಕಣ್ಣು ಹಳದಿಯಾದಾಗ ದುಂಡವ್ವ ಹೆದರಲಿಲ್ಲ. ಬರೆ ಹಾಕುವವನನ್ನೇ ಕರೆಸಿದಳು. ಕಾಳವ್ವ ಸೆರಗು ಕಚ್ಚಿಕೊಂಡು ಕೈ ಚಾಚಿದಳು.

ಬರೆಯ ಗಾಯ ಒಣಗುವ ಮೊದಲೇ ಅವಳ ಮಾತು ತಪ್ಪಿತು. ತಾಯಿಯ ಮುಖವನ್ನೇ ನೋಡುತ್ತ, "ಅತ್ತಿ, ನಮ್ಮವ್ವನ ಕರೀರಿ" ಅಂದಳು.

ಚಕ್ಕಡಿಯಲ್ಲಿ ಮುಚ್ಚಂಡಿಗೆ, ಅಲ್ಲಿಂದ ಬಸ್ಸಿನಲ್ಲಿ ಜತ್ತಿನ ದವಾಖಾನೆಗೆ ಒಯ್ದರು.

"ಲಗೂನ ಒಂದ್ ಸೂಜಿ ಮಾಡ್ರಿ, ಸಾಹೇಬ್ರ" ಎಂದಳು ದುಂಡವ್ವ.

"ಇದಕ್ಕ ಸೂಜಿ ಇಲ್ಲವ್ವಾ. ಸಲೈನ್ ಹಚ್ಚೀನಿ" ಎಂದರು ಡಾಕ್ಟರು. "ನೀರಿನಿಂದ ಬರೂ ಕಾಮಣಿ ಇದು. ಬ್ಯಾರೆದವರು ಏಳತಾರ. ಬಸುರ್ಯಾರಿಗೆ ಭಾಳ ಕೆಟ್ಟ. ಈ ಮಳಿಗಾಲದಾಗ ಹಿಂಗ ಎಷ್ಟೋ ಮಂದಿ ಬಂದಾರ."

"ಅದೇ ನೀರ ನಾನೂ ಕುಡದೀನ್ರಿ. ಆಕಿಗೇ ಯಾಕ್ ಹಿಂಗ?"

"ಅದು ನಮಗೂ ತಿಳಿವಲ್ದು. ಇನ್ನಮ್ಯಾಲೆ ನೀರ ಕಾಸಿ ಕುಡೀರಿ."

ಕೂಸು ಸತ್ತೇ ಹುಟ್ಟಿತು. ರಕ್ತ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಳವ್ವನೂ ಹೋದಳು. ಮಣ್ಣಿಗೆ ಬಂದ ಬೀಗರು ದುಂಡವ್ವನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು ಎಂದು ಅವಳಿಗೆ ಅನ್ನಿಸಿತು.

ಅದೇ ವಾರ ಪಕ್ಕದ ಮನೆಯ ಬಸುರಿ ಸೊಸೆ ಭಾಗವ್ವನ ಕಣ್ಣುಗಳೂ ಹಳದಿಯಾದವು. ದುಂಡವ್ವ ತನ್ನ ಒಲೆಯ ಮೇಲೆ ನೀರು ಕಾಸಿ, ಆರಿಸಿ, ದಿನಾ ಒಯ್ದು ಕೊಟ್ಟಳು. ಕುಡಿಯಬಾರದ್ದನ್ನು ಆಕೆ ಆಗಲೇ ಕುಡಿದಿದ್ದಾಳೆಂದು ಗೊತ್ತಿದ್ದರೂ, ಬೇರೇನು ಮಾಡಬೇಕೆಂದು ತಿಳಿಯದೆ ಕೊಟ್ಟಳು.

"ಕಾಳಕ್ಕಗೂ ಹಿಂಗ ಆಗಿತ್ತೇನ್ರಿ, ಕಾಕು?" ಎಂದು ಭಾಗವ್ವ ಕೇಳಿದಳು.

"ಇಲ್ಲವ್ವಾ. ಆಕೀದು ಬ್ಯಾರೆನ."

ಭಾಗವ್ವ ಉಳಿದಳು. ಹೆಣ್ಣುಮಗು ಹೆತ್ತಳು. ಅವಳ ಅತ್ತೆ ಇಂದ್ರಾಬಾಯಿ ದುಂಡವ್ವನ ಕೈ ಹಿಡಿದು, "ನೀ ಕಾಸಿದ ನೀರ ಉಳಿಸ್ತು ನೋಡು" ಎಂದಳು.

ದುಂಡವ್ವ ಕೈ ಬಿಡಿಸಿಕೊಂಡಳು. ಆ ಮಾತನ್ನು ಒಪ್ಪಿದರೆ ತನ್ನ ಮಗಳಿಗೆ ಕುಡಿಸಿದ ನೀರಿಗೆ ಏನು ಹೇಳಬೇಕು? ಒಪ್ಪದಿದ್ದರೆ ಭಾಗವ್ವ ಉಳಿದದ್ದು ಯಾತರಿಂದ? ಒಳಗೆ ಕೂಸು ಅಳುತ್ತಿತ್ತು. ಅದಕ್ಕೆ ನೀರೆರೆಯುವವರಿಲ್ಲವೆಂದು ದುಂಡವ್ವನನ್ನೇ ಕರೆದರು. ಸೀರೆ ಮೇಲಕ್ಕೆ ಸಿಕ್ಕಿಸಿ ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಹಾಕಿಕೊಂಡಳು.