ಫರಾಜ ಮಿಸ್ತ್ರಿಯ ಎರಡು ಸುತ್ತು

ಫರಾಜ ಮಿಸ್ತ್ರಿಯವರು ನಡೆದು ಬರುವಾಗ ಕಾಲಿಗಿಂತ ಮೊದಲು ಅವರ ಬಲಗಿವಿ ಬರುತ್ತದೆ. ಹರೆಯದಿಂದಲೂ ಎಂಜಿನ್ನುಗಳ ಮೇಲೆ ಬಾಗಿ ಅವುಗಳ ಸುಖದುಃಖ ಕೇಳಿ ಕೇಳಿ ತಲೆ ಹಾಗೆಯೇ ವಾಲಿಬಿಟ್ಟಿದೆ. ಸುಮ್ಮನೆ ಚಹಾ ಕುಡಿಯುವಾಗಲೂ ಬಟ್ಟಲಿನ ಗುಟ್ಟು ಕೇಳುವವರಂತೆ ಕಾಣುತ್ತಾರೆ. ಬೆಂಗೇರಿಯ ತಮ್ಮ ಗ್ಯಾರೇಜಿನಲ್ಲಿ ಕಡುಬೇಸಗೆಯಲ್ಲೂ ಅವರಿಗೆ ಖಾಕಿ ಕೋಟು ಬೇಕು. ಹಾಜರಾಬಿ, ಅಂದರೆ ಅವರ ಮನೆಯವರು, ತೇಪೆಯ ಮೇಲೆ ತೇಪೆ ಹಾಕಿದ್ದರಿಂದ ಅದರ ಮೂಲ ಬಟ್ಟೆ ಯಾವುದೆಂಬುದು ಈಗ ಯಾರಿಗೂ ತಿಳಿಯದು. ಒಂದು ಜೇಬಿನಲ್ಲಿ ಅಡಿಕೆ, ಇನ್ನೊಂದರಲ್ಲಿ ನಟ್ಟು ಬೋಲ್ಟು. ಒಮ್ಮೆ ಅಡಿಕೆಯೆಂದು ನಟ್ಟನ್ನು ಬಾಯಿಗೆ ಹಾಕಿಕೊಂಡು, ಉಗುಳುವ ಮೊದಲೇ "ಹತ್ತರದು" ಎಂದು ಅಳತೆ ಹೇಳಿದ್ದನ್ನು ನಾನೇ ಕಂಡಿದ್ದೇನೆ. ಹುಬ್ಬಳ್ಳಿಯಲ್ಲಿ ತಮ್ಮಂಥ ಮಿಸ್ತ್ರಿ ಇಲ್ಲವೆಂದು ದಿನಕ್ಕೊಮ್ಮೆಯಾದರೂ ಅವರು ಸಾರುವುದುಂಟು. ಮಾತಿನ ಕೊನೆಗೆ "ಏನಂತೀರಿ?" ಎಂದು ಕೇಳುತ್ತಾರೆ, ಉತ್ತರಕ್ಕೆ ಮಾತ್ರ ಕಾಯುವುದಿಲ್ಲ.

ಇಂಥವರಿಗೆ ಒಂದು ಹಟವಿದೆ. ಎಂಜಿನ್ನು ಬಿಚ್ಚಿ ಕೂಡಿಸಿದ ಮೇಲೆ, ಕೀಲಿ ಮುಟ್ಟುವ ಮುನ್ನ, ನಟ್ಟು ತಿರುಗಿಸುವ ಪಾನಾ ಹಾಕಿ ಅದನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ ನೋಡಬೇಕು. ಅವಸರದ ಗಿರಾಕಿಗಳು ಬೈದರೂ ಅದು ತಪ್ಪದು.

ಹೋದ ವರ್ಷ ನಮ್ಮ ನೆರೆಯ ಗುರುಸಿದ್ದಯ್ಯನವರ ಮಗಳು ಆರತಿಯ ಕುಬಸ, ಅಂದರೆ ಸೀಮಂತ, ಅವಳ ಗಂಡನ ಊರಾದ ಸುಳ್ಳದಲ್ಲಿತ್ತು. ಮಧ್ಯಾಹ್ನದೊಳಗೆ ಬಸುರಿಗೆ ತವರಿನ ಹಸಿರು ಸೀರೆ ಉಡಿಸಬೇಕು. ತಾಯಿ ಬಾಳವ್ವ, ಹೋಳಿಗೆ ರೊಟ್ಟಿಗಳ ಬುತ್ತಿ ಮತ್ತು ನಾನು, ಇಷ್ಟನ್ನೂ ತುಂಬಿಕೊಂಡು ಅಯ್ಯನವರ ಹಳೆಯ ಕಾರು ಹೊರಟಿತು. ಬೆಂಗೇರಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎರಡು ಸಲ ಕೆಮ್ಮಿ, ಮೈನಡುಗಿಸಿ, ನಿಂತೇ ಹೋಯಿತು. ಬೇರೆ ಗಾಡಿ ತರೋಣವೆಂದರೆ ಬಾಳವ್ವ ಒಪ್ಪಲೊಲ್ಲರು. ಮಗಳ ಬುತ್ತಿ ದಾರಿಯಲ್ಲಿ ಕೆಳಗಿಳಿಯಬಾರದೆಂಬುದು ಅವರ ನಂಬಿಕೆ. ಫರಾಜರಿಗೆ ಫೋನು ಹೋಯಿತು.

ನಮ್ಮ ಕಡೆಯ ಜನರದೊಂದು ಗುಣ: ನಿಂತ ಗಾಡಿಯನ್ನು ಕಂಡರೆ ಕರೆಯದೆಯೇ ಬಂದು ತಳ್ಳುತ್ತಾರೆ. ಪಕ್ಕದ ಹೊಲದ ಹೊಳೆಯಪ್ಪ ನಾಲ್ಕಾಳು ಕಟ್ಟಿಕೊಂಡು ಬಂದು ಕಾರಿನ ಹಿಂದೆ ಕೈಯಿಟ್ಟಾಗಲೇ ಫರಾಜರ ಸ್ಕೂಟರು ಬಂತು. ಕಾರು ಹೇಗೆ ನಿಂತಿತೆಂದು ಒಂದೇ ಪ್ರಶ್ನೆ ಕೇಳಿದರು. ಕೇಳಿದವರೇ, ಯಾರೂ ತಳ್ಳದಂತೆ, ಕಾರಿನ ಮೂತಿಗೆ ಬೆನ್ನು ಕೊಟ್ಟು ರಸ್ತೆಯಲ್ಲಿ ಕುಳಿತುಬಿಟ್ಟರು.

"ಎಂಜಿನ್ ಅಂದ್ರ ಒಂದ ಒರಳಾಗ ಇಬ್ಬರು ಕುಟ್ಟಿದಂಗ್ರಿ. ಒಬ್ಬಾಕಿ ಎತ್ತಿದಾಗ ಇನ್ನೊಬ್ಬಾಕಿ ಇಳಸಬೇಕು. ಈಗ ತಾಳ ತಪ್ಪೇತಿ. ತಳ್ಳಿದ್ರ ಒನಕಿಗೆ ಒನಕಿ ಬಡದು ಎಂಜಿನ್ನ ಹೋಗತೈತಿ. ಏನಂತೀರಿ?"

ಅಂದು ಮೊದಲ ಬಾರಿಗೆ ಅವರ ಪ್ರಶ್ನೆಗೆ ಉತ್ತರ ಬಂತು. ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಾಳವ್ವ ಹೇಳಿದರು: "ಖರೇ ಐತಿ. ನನ್ನ ನೆಗೆಣ್ಣಿ ಜೋಡಿ ಕುಟ್ಟುವಾಗ ಹಂಗ ಆಗಿ ನನ್ನ ಕೈಯಾಗಿನ ಬಳಿ ಎಲ್ಲಾ ಒಡದಿದ್ವು. ಹೊಳೆಯಪ್ಪಾ, ಕೈ ತಗಿಯಪ್ಪಾ."

ಹೊಳೆಯಪ್ಪ ಕೈ ತೆಗೆದ. ಫರಾಜರು ಮುಚ್ಚಳ ಬಿಚ್ಚಿದರು. ಆ ತಾಳ ಕಾಯುವ ಟೈಮಿಂಗ್ ಬೆಲ್ಟು ಹರಿದಿರಲಿಲ್ಲ. ಅದನ್ನು ಬಿಗಿಹಿಡಿಯುವ ಗಾಲಿ ಸಡಿಲಾಗಿ ಬೆಲ್ಟು ಚಕ್ರದ ಹಲ್ಲು ಜಿಗಿದಿತ್ತು. ಮೇಲಿನ ಚಕ್ರದ ಗುರುತು, ಕೆಳಗಿನ ಚಕ್ರದ ಗುರುತು ಎರಡನ್ನೂ ನೆಲೆಗೆ ತಂದು ಬೆಲ್ಟು ಬಿಗಿದರು. ಬಿಸಿಲು ನೆತ್ತಿಗೇರುತ್ತಿತ್ತು. ಸುಳ್ಳದಿಂದ ಫೋನಿನ ಮೇಲೆ ಫೋನು. ಗುರುಸಿದ್ದಯ್ಯನವರು ಕೀಲಿಗೆ ಕೈಹಾಕಿದರು. ಫರಾಜರು ಅದನ್ನು ಕಿತ್ತು ಕೋಟಿನ ಜೇಬಿಗಿಳಿಸಿ, ಪಾನಾ ಹಾಕಿ ಮೆಲ್ಲನೆ ತಿರುಗಿಸತೊಡಗಿದರು. ಎರಡನೆಯ ಸುತ್ತು ಮುಗಿದಾಗ ಗುರುತುಗಳು ಕೂಡಲಿಲ್ಲ. ಅವರೇ ಬೆಲ್ಟನ್ನು ಒಂದು ಹಲ್ಲು ತಪ್ಪಿಸಿ ಕೂರಿಸಿದ್ದರು.

ಬೇರೆಯವರಾಗಿದ್ದರೆ ಮುಖ ಬಾಡುತ್ತಿತ್ತು. ಫರಾಜರು ಹೊಲದ ಆಚೆಯವರೆಗೂ ಕೇಳುವಂತೆ ನಕ್ಕರು.

"ಸಿಕ್ಕಿತು ನೋಡ್ರಿ, ಬಾಳವ್ವಾರ! ತಪ್ಪಿದ್ದು ನಂದ ಕೈ."

"ಒಂದ ಹಲ್ಲಿಗೆ ಏನಾಗತೈತಿ, ಮಿಸ್ತ್ರಿ? ಸುಳ್ಳದ ಮಟಾ ನಡೀತೈತಿ ಬಿಡ್ರಿ," ಎಂದರು ಗುರುಸಿದ್ದಯ್ಯನವರು.

"ನಡೀತೈತಿ ಅಂದ ಗಾಡಿನ ನಿಲ್ಲೂದ್ರಿ, ಅಯ್ಯಾರ."

ಮತ್ತೆ ಬಿಚ್ಚಿದರು, ಮತ್ತೆ ಕೂರಿಸಿದರು, ಮತ್ತೆ ಎರಡು ಸುತ್ತು. ಈ ಸಲ ಗುರುತಿಗೆ ಗುರುತು ಕೂಡಿತು. ಕೀಲಿ ತಿರುಗಿಸಿದೊಡನೆ ಎಂಜಿನ್ನು ಏನೂ ಆಗಿಲ್ಲವೆಂಬಂತೆ ಗುನುಗಿತು. ಬಾಳವ್ವ ಫರಾಜರನ್ನೂ ಬಲವಂತದಿಂದ ಕಾರಿಗೆ ಹತ್ತಿಸಿಕೊಂಡರು.

ನಾವು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಮೀರಿರಲಿಲ್ಲ. ಆರತಿ ತಾಯಿಯನ್ನು ಕಂಡವಳೇ ಅತ್ತು, ಕೂಡಲೇ ನಕ್ಕಳು. ಹಸಿರು ಸೀರೆ ಉಟ್ಟು ಅವಳು ಕುಬಸಕ್ಕೆ ಕುಳಿತಾಗ, ಪಡಸಾಲೆಯ ಮೂಲೆಯಲ್ಲಿ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡಿದ್ದ ಫರಾಜರು ತಮ್ಮ ತಪ್ಪಿನ ಕತೆಯನ್ನು ಆಕೆಯ ಮಾವನಿಗೆ ಬಣ್ಣಕಟ್ಟಿ ಹೇಳುತ್ತಿದ್ದರು. ಹೇಳಿದಷ್ಟೂ ಆ ಒಂದು ಹಲ್ಲು ದೊಡ್ಡದಾಗುತ್ತಿತ್ತು.

ತಮ್ಮ ವಿದ್ಯೆಯ ಬಗ್ಗೆ ಜಂಬವಿದ್ದೂ ತಮ್ಮ ಕೈಯನ್ನು ಕುರುಡಾಗಿ ನಂಬದ ಜನ ಊರಿಗೆ ಕೆಲವರಾದರೂ ಇರುತ್ತಾರೆ. ಅವರಿಗೆ ತಪ್ಪೆಂಬುದು ಅವಮಾನವಲ್ಲ, ಅನಾಹುತಕ್ಕಿಂತ ಮೊದಲು ಸಿಕ್ಕ ಭಾಗ್ಯ. ಆ ಭಾಗ್ಯಕ್ಕೆ ಬಾಯ್ತುಂಬ ನಗಬಲ್ಲವರನ್ನು ನಂಬಿ, ಮಗಳನ್ನು ಕಾಣಹೊರಟ ತಾಯಿ ನಿಶ್ಚಿಂತೆಯಿಂದ ಕಾರು ಹತ್ತಬಹುದು.