ಇಬ್ಬರು ಮಲಗುವ ದೋಣಿ

ನಕ್ಷೆಯ ಒಂದು ತುದಿ ಕಟಿಂಗ್ ಶಾಪಿನವನ ಕೈಯಲ್ಲಿತ್ತು, ಇನ್ನೊಂದು ತುದಿ ಅವಳ ಕೈಯಲ್ಲಿ. ನಡುವೆ ಅವಳ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಈ ಜಗಳಕ್ಕೂ ತನಗೂ ಏನೇನೂ ಸಂಬಂಧವಿಲ್ಲ ಎಂಬಂತೆ ಮಲಗಿದ್ದ.

“ಬಿಡಿ ಅಣ್ಣ,” ಎಂದಳು ಅವಳು, ಹಲ್ಲು ಕಚ್ಚಿಕೊಂಡು.

“ಅತ್ತಿಗೆ, ಇದು ಅವನ ಜೊತೆ ಹೋಗ್ಬೇಕು. ಎದೆ ಮೇಲೆ ಇಡ್ತೀನಿ, ಅಷ್ಟೇ.”

“ಅವರ ಎದೆ ಮೇಲೆ ಏನಿರ್ಬೇಕು ಅಂತ ನೀವು ಹೇಳೋದು ಬೇಡ.”

ಸಾವಿಗೆ ಬಂದವರು ಮೊದಲು ತಲೆ ತಗ್ಗಿಸಿ, ಆಮೇಲೆ ಚೆನ್ನಾಗಿ ಕಾಣಲೆಂದು ಎತ್ತಿದರು. ನಕ್ಷೆ ಸಮುದ್ರದ್ದು. ವರ್ಷಗಟ್ಟಲೆ ಕಟಿಂಗ್ ಶಾಪಿನ ಕನ್ನಡಿಯ ಪಕ್ಕ ತೂಗಿದ್ದರಿಂದ ಅದರ ಮಡಿಕೆಗಳಲ್ಲಿ ಕೂದಲು ಸೇರಿಕೊಂಡಿತ್ತು. ಎಳೆದಾಟದಲ್ಲಿ ಬೀದಿಯವರ ತಲೆಗೂದಲೆಲ್ಲ ಚೂರುಚೂರಾಗಿ ಹೆಣದ ಮೇಲೆ ಉದುರುತ್ತಿತ್ತು.

ಕಾಲ ಬಳಿ ಕೂತಿದ್ದ ನಾದಿನಿ ಮೂಗೊರೆಸಿಕೊಂಡು ನಡುವೆ ಬಾಯಿ ಹಾಕಿದಳು. “ಇಡೋದಾದ್ರೆ ಸರಿಯಾದ ಜಾಗ ಮೇಲೆ ಬರೋ ಹಾಗೆ ಮಡಚಿ ಇಡಿ. ಅಣ್ಣ ಹೋಗ್ಬೇಕು ಅಂತಿದ್ದಿದ್ದು ಬಿಳಿ ಮರಳಿನ ದ್ವೀಪಕ್ಕೆ. ನನ್ನ ಹತ್ರ ಬಾಯಿಬಿಟ್ಟು ಹೇಳಿದ್ದ.”

“ಬಿಳಿ ಮರಳಾ?” ಕಟಿಂಗ್ ಶಾಪಿನವನಿಗೆ ಯಾರೋ ತನ್ನ ಕುರ್ಚಿಯಲ್ಲೇ ಕೂತು ಬೇರೆಯವನ ಹತ್ತಿರ ಗಡ್ಡ ಹೆರೆಸಿಕೊಂಡಷ್ಟು ಉರಿಯಿತು. “ಏನಮ್ಮಾ ಹೇಳ್ತೀಯ ನೀನು? ದೀಪಸ್ತಂಭದ ದ್ವೀಪ ಅಂತ ನಾವಿಬ್ರೂ ತೀರ್ಮಾನ ಮಾಡಿಯಾಗಿತ್ತು.”

“ಚಿಕ್ಕವರಿದ್ದಾಗಿನಿಂದ ನಾವಿಬ್ರೂ ಮರಳಲ್ಲಿ ಆಡಿದವರು. ಅವನು ಇನ್ಯಾರನ್ನ ಕರ್ಕೊಂಡು ಹೋಗ್ತಿದ್ದ?”

ನಾವಿಬ್ರೂ. ಅವಳು ಆ ಮಾತನ್ನು ಎರಡು ಸಲ ಕೇಳಿದಳು, ಎರಡು ಬೇರೆ ಬಾಯಿಗಳಿಂದ. ಎರಡರಲ್ಲೂ ಅವಳಿರಲಿಲ್ಲ. ಗಂಡ ಸತ್ತ ದುಃಖ ಒಂದು ಕಡೆಗಿರಲಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಈ ಹೊಟ್ಟೆಯುರಿಗೆ ಮಾತ್ರ ಈಗಲೇ ಉತ್ತರ ಬೇಕಿತ್ತು: ಅವನು ದೋಣಿ ಹತ್ತುವಾಗ ಯಾರ ಕೈ ಹಿಡಿಯುವವನಿದ್ದ?

*

ಬೀದಿಯವರು ಅವನನ್ನು ಟಾರ್ಪಾಲಣ್ಣ ಎಂದೇ ಕರೆಯುತ್ತಿದ್ದರು. ಲಾರಿಗಳಿಗೆ ಟಾರ್ಪಾಲು, ಅಂಗಡಿಗಳ ಮುಂದಿನ ನೆರಳಿಗೆ ದಪ್ಪ ಬಟ್ಟೆ, ಸ್ಕೂಟರುಗಳಿಗೆ ಗವಸು, ಹೀಗೆ ಮನುಷ್ಯರ ಮೈಮೇಲೆ ಹಾಕುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊಲಿಯುತ್ತಿದ್ದ. ಟೇಪಿನ ಅಂಕಿಗಳು ಅವನಿಗೆ ಆಗಿಬರುತ್ತಿರಲಿಲ್ಲ. ಒಂದು ನೂಲು ಹಿಡಿದು, ಉದ್ದಕ್ಕೊಂದು ಗಂಟು, ಅಗಲಕ್ಕೊಂದು ಗಂಟು ಹಾಕಿಕೊಂಡು ಬಂದು ಅಂಗಡಿಯ ಮೊಳೆಗೆ ನೇತುಹಾಕುತ್ತಿದ್ದ. ಯಾವ ನೂಲು ಯಾವ ಲಾರಿಯದು ಎಂಬುದು ಅವನಿಗೊಬ್ಬನಿಗೇ ಗೊತ್ತು.

ಒಮ್ಮೆ, ಜನ ರಜೆಗೆ ಬರುವ ಕಾಲದಲ್ಲೇ, ಹಾಯಿದೋಣಿಗಳನ್ನು ಬಾಡಿಗೆಗೆ ಬಿಡುವ ಯಜಮಾನನೊಬ್ಬನ ದೊಡ್ಡ ಹಾಯಿ ಗಾಳಿಗೆ ಹರಿದುಹೋಯಿತು. ಬೇರೆ ಯಾವ ಅಂಗಡಿಯವರೂ ಅದನ್ನು ಮುಟ್ಟಲಿಲ್ಲ. ಟಾರ್ಪಾಲಣ್ಣ ಅಂಗಡಿಯಲ್ಲಿ ಜಾಗ ಸಾಲದೆ ಹಾಯಿಯನ್ನು ಬೀದಿಯುದ್ದಕ್ಕೂ ಹಾಸಿ, ಅದರ ನಡುವೆ ಕೂತು ಹೊಲಿದ. ಜನ ಬೈದುಕೊಂಡು ಗೋಡೆ ಸವರಿ ನಡೆದರು. ಹಾಯಿ ಮತ್ತೆ ಗಾಳಿ ತುಂಬಿಕೊಂಡದ್ದನ್ನು ಕಂಡು ದೋಣಿಯ ಯಜಮಾನನಿಗೆ ಖುಷಿ ಉಕ್ಕಿತು.

“ಒಂದು ವಾರ ದೋಣಿ ನಿಂದೇ ಕಣಯ್ಯಾ. ನಾನೇ ನಡೆಸ್ತೀನಿ. ಎಲ್ಲಿಗೆ ಅಂತ ನೀನು ಹೇಳು, ಸಾಕು. ಒಳಗೆ ಮಲಗೋಕೆ ಮಾತ್ರ ಇಬ್ಬರಿಗೇ ಜಾಗ. ನಾನು ಮೇಲೆ ಎಲ್ಲಾದ್ರೂ ಬಿದ್ಕೋತೀನಿ.”

ಈ ಸುದ್ದಿ ಹೆಂಡತಿಯ ಕಿವಿಗೆ ಬಿದ್ದದ್ದು ಪಕ್ಕದ ಮನೆಯವನಿಂದ. ಅವನು ಆಗಷ್ಟೇ ಕ್ಷೌರ ಮುಗಿಸಿಕೊಂಡು ಬಂದಿದ್ದ. ಸಂಜೆ ಗಂಡ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, “ಒಂದು ವಿಷಯ ಗೊತ್ತೇನೇ?” ಎಂದ.

“ಗೊತ್ತು. ಕಟಿಂಗ್ ಮಾಡಿಸ್ಕೊಂಡೋರಿಗೆಲ್ಲ ಗೊತ್ತು. ಹೋಗಿ, ನಿಮ್ಮ ಗೆಳೆಯನ್ನ ಕಟ್ಕೊಂಡು ಹೋಗಿ. ನನಗೆ ನೀರು ಕಂಡ್ರೆ ತಲೆ ಸುತ್ತುತ್ತೆ.”

ಇದು ಸುಳ್ಳು. ತಲೆ ಸುತ್ತುವಷ್ಟು ನೀರಿನ ಹತ್ತಿರ ಅವಳು ಯಾವತ್ತೂ ಹೋದವಳೇ ಅಲ್ಲ. ಅವನು ಪೆನ್ಸಿಲ್ಲಿನಿಂದ ಕಿವಿ ಕೆರೆದುಕೊಂಡ. ಊಟದ ನಡುವೆ ಇದ್ದಕ್ಕಿದ್ದ ಹಾಗೆ ಕೇಳಿದ:

“ನೀನು ನಿದ್ದೇಲಿ ಉರುಳೋದು ಬಲಕ್ಕಲ್ವಾ?”

“ಇಷ್ಟು ವರ್ಷ ನನ್ನ ಪಕ್ಕ ಮಲಗಿದ್ದೋರು ಬೇರೆ ಯಾರಾದ್ರೂ ಇದ್ರೆ ಅವರನ್ನ ಕೇಳಿ.”

ಅವನು ನಕ್ಕು ಅನ್ನ ಕಲಸಿದ. ಅವಳು ನಿದ್ದೆಯಲ್ಲಿ ಉರುಳಿ ಮಂಚದಿಂದ ಬೀಳುವವಳು. ಮದುವೆಯಾದ ಹೊಸದರಲ್ಲೇ ಎರಡು ಮೂರು ಸಲ ಬಿದ್ದಿದ್ದಳು; ಅಂದಿನಿಂದ ಅವನು ದಿನಾ ಹಳೆಯ ಕಂಬಳಿಯೊಂದನ್ನು ಸುರುಳಿ ಸುತ್ತಿ ಅವಳ ಬಲಕ್ಕೆ, ಮಂಚದ ಅಂಚಿಗೆ, ಇಡುತ್ತಿದ್ದ.

ಅದಾದ ಮೇಲೆ ಒಂದು ರಜೆಯ ಮಧ್ಯಾಹ್ನ ಅವಳಿಗೆ ಹಿಮ್ಮಡಿಯಲ್ಲಿ ಕಚಗುಳಿಯಾಗಿ ಎಚ್ಚರವಾಯಿತು. ನೋಡಿದರೆ ಗಂಡ ಮಂಚದ ಕೊನೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ, ಕೈಯಲ್ಲಿ ನೂಲು.

“ಏನ್ರೀ ಅದು?”

“ಏನಿಲ್ಲ, ನೂಲು ಬಿದ್ದೋಗಿತ್ತು. ಹುಡುಕ್ತಿದ್ದೆ. ಮಲ್ಕೋ.”

ಅವಳು ಮಗ್ಗುಲಾದಳು. ಹೆಂಡತಿ ಎದುರಿಗಿದ್ದಾಗ ನೂಲು ಹುಡುಕುವ ಈ ಮನುಷ್ಯ ಕಟಿಂಗ್ ಶಾಪಿನಲ್ಲಿ ಮಾತ್ರ ಹೇಗೆ ಅರಳುತ್ತಾನೆಂದು ಅವಳು ಕಂಡಿದ್ದಳು. ತರಕಾರಿ ಚೀಲ ಹಿಡಿದು ಹಾದುಹೋಗುವಾಗ ಕನ್ನಡಿಯಲ್ಲಿ ಎರಡು ತಲೆಗಳು ನಕ್ಷೆಯ ಮೇಲೆ ಬಾಗಿರುತ್ತಿದ್ದವು. ಕಟಿಂಗ್ ಶಾಪಿನವನ ತೆಂಗಿನಮರದಂಥ ಕಾಲುಗಳು ಬಾಗಿಲಾಚೆಗೂ ಚಾಚಿರುತ್ತಿದ್ದವು. ದೀಪಸ್ತಂಭದ ದ್ವೀಪವೋ, ಬಿಳಿ ಮರಳಿನದೋ, ಬರೀ ಆಡುಗಳೇ ಇರುವುದೋ? ಒಂದನ್ನು ಆರಿಸಿದ ದಿನವೇ ಉಳಿದವುಗಳ ಮೇಲೆ ಅವನಿಗೆ ಕನಿಕರ ಹುಟ್ಟುತ್ತಿತ್ತು. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಲೇ ಬಂದ. ಅವನು ಬೆರಳಿಡದ ದ್ವೀಪವಿರಲಿಲ್ಲ, ಕಾಲಿಟ್ಟ ದ್ವೀಪವೂ ಇರಲಿಲ್ಲ. ಕೊನೆಗೆ ಎದೆಬಡಿತ ಅವನನ್ನು ಕೇಳದೆಯೇ ನಿಲ್ಲುವ ತೀರ್ಮಾನ ಮಾಡಿತು.

*

ನಕ್ಷೆ ಇನ್ನೂ ಇಬ್ಬರ ಕೈಯಲ್ಲಿರುವಾಗಲೇ ದೋಣಿಯ ಯಜಮಾನ ಒಳಗೆ ಬಂದ. ಬಿಸಿಲಿಗೆ ಸುಟ್ಟ ಮುಖ, ಕೈಯಲ್ಲಿ ಟೋಪಿ. ಹೆಣದ ಮುಂದೆ ಸ್ವಲ್ಪ ಹೊತ್ತು ನಿಂತು, ಅವಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತ. ದುಃಖದ ಮನೆಯಲ್ಲಿ ಏನು ಮಾತಾಡಬೇಕೆಂದು ತಿಳಿಯದ ಗಂಡಸರಂತೆ ಸತ್ತವನ ಕೆಲಸ ಹೊಗಳಲು ಶುರುಮಾಡಿದ.

“ಎಂಥಾ ಕೈ ಅಮ್ಮ ಅವನದು! ಆ ಹಾಯಿ ಇವತ್ತಿಗೂ ಹಾಗೇ ಇದೆ. ಒಂದೇ ಒಂದು ಸಲ, ಅದೂ ಒಂದೇ ಒಂದು ಸಲ, ಅಳತೆ ತಪ್ಪಿದ.”

“ಅಳತೆ ತಪ್ಪಿದ್ನಾ?” ಕಟಿಂಗ್ ಶಾಪಿನವನು ಗೆಳೆಯನ ಪರ ತಿರುಗಿ ನಿಂತ. “ಸಾಧ್ಯಾನೇ ಇಲ್ಲ.”

“ಅಯ್ಯೋ, ಕೇಳಿ ಸ್ವಾಮಿ. ದೋಣಿ ಮೂತಿ ಒಳಗೆ ಮಲಗೋ ಜಾಗ ಇರತ್ತೆ. ಎರಡು ಹಾಸಿಗೆ, ನಡುವೆ ಓಡಾಡೋಕೆ ಸಂದಿ, ಕಾಲಿನ ಕಡೆ ಎರಡೂ ಬಂದು ಕೂಡ್ತವೆ. ಜಾಗ ಆರಿಸೋದು ನಿಧಾನ ಆಗತ್ತೆ, ಅಷ್ಟರಲ್ಲಿ ಹಾಸಿಗೆ ನಾನೇ ಹೊಲಿದಿಡ್ತೀನಿ ಅಂದ. ಹೊಲಿದ. ಬಲಗಡೆದು ಬಂಗಾರದಂಗಿದೆ. ಎಡಗಡೆದು ನೋಡಿದ್ರೆ ಒಂದು ಗೇಣು ಗಿಡ್ಡ! ಅದು ಸಾಲ್ದು ಅಂತ ಅದರ ಬಲ ಅಂಚಿಗೆ ಉದ್ದಕ್ಕೂ ಸುರುಳಿ ಥರ ಒಂದು ಗೋಡೆ. ಬಾಡಿಗೆಯೋರೆಲ್ಲ ಬಯ್ಯೋರೇ. ಕಾಲು ಆಚೆಗೆ, ಏಳೋಕೆ ಹೋದ್ರೆ ಗೋಡೆ ಅಡ್ಡ. ಬಿಚ್ಚಿ ಹೊಲಿ ಮಾರಾಯ ಅಂತ ಎಷ್ಟು ಸಲ ಹೇಳಿದೆ. ‘ಅಳತೆ ಸರಿಯಾಗೇ ಇದೆ’ ಅನ್ನೋನು. ಅಷ್ಟೇ.”

ಯಜಮಾನ ತನ್ನ ಕತೆಗೆ ತಾನೇ ಮೆಲ್ಲಗೆ ನಕ್ಕ. ಬೇರೆ ಯಾರೂ ನಗಲಿಲ್ಲ.

ಕಟಿಂಗ್ ಶಾಪಿನವನು ತನ್ನ ಕಾಲುಗಳನ್ನು ನೋಡಿಕೊಂಡ. ಹೆಣ ಇಟ್ಟಿದ್ದ ಹಲಗೆಯ ಮೇಲೆ ಮಲಗಿದರೂ ಅವು ಆಚೆಗೆ ಚಾಚುವಂಥವು. ನಾದಿನಿ ಕೂಡ ಅಣ್ಣನಷ್ಟೇ ಎತ್ತರದವಳು. ಅವಳು ತನ್ನ ಕಾಲು ನೋಡಿಕೊಳ್ಳುವ ಬದಲು ಅತ್ತಿಗೆಯದನ್ನು ನೋಡಿದಳು. ಅತ್ತಿಗೆ ಕುರ್ಚಿಯಲ್ಲಿ ಕೂತಿದ್ದಳು, ಪಾದಗಳು ನೆಲ ಮುಟ್ಟಿರಲಿಲ್ಲ.

“ಜೊತೆಗೆ ಯಾರು ಅಂತ ಅವನು ಒಂದಿನಾನೂ ಹೇಳ್ಲಿಲ್ಲ,” ಎಂದ ಕಟಿಂಗ್ ಶಾಪಿನವನು, ಯಾರಿಗೆಂದಿಲ್ಲದೆ. “ನಾನೂ ಕೇಳ್ಲಿಲ್ಲ. ನಾನೇ ಅಂದ್ಕೊಂಡಿದ್ದೆ.”

ಅವಳು ನಕ್ಷೆಯ ತುದಿಯನ್ನು ಬಿಟ್ಟಳು. ಅವನು ಇನ್ನೂ ಎಳೆದು ಹಿಡಿದಿದ್ದರಿಂದ ಎರಡು ಹೆಜ್ಜೆ ಹಿಂದಕ್ಕೆ ತೂರಾಡಿದ.

“ಇಡಿ ಅಣ್ಣ, ಎದೆ ಮೇಲೇ ಇಡಿ. ಯಾವ ದ್ವೀಪ ಮೇಲೆ ಬಂದ್ರೂ ಆಗತ್ತೆ.”

ಅವಳ ದನಿಯಲ್ಲಿ ಎಷ್ಟೋ ವರ್ಷಗಳಿಂದ ಇಲ್ಲದಿದ್ದ ಔದಾರ್ಯವಿತ್ತು. ಅದು ಸ್ವಲ್ಪ ಹೊತ್ತು ಚೆನ್ನಾಗಿಯೇ ಇತ್ತು. ಹೊರಗೆ ವ್ಯಾನು ಬಂದು ನಿಂತು, ಗಂಡಸರು ಅವನನ್ನು ಎತ್ತಿ, ಅವಳು ಬಾಗಿಲವರೆಗೆ ಅಳುತ್ತ ಬರುವಷ್ಟು ಹೊತ್ತು. ಅಲ್ಲಿ ಅವಳು ತಟ್ಟನೆ ಅಳು ನಿಲ್ಲಿಸಿ ದೋಣಿಯ ಯಜಮಾನನ ತೋಳು ಹಿಡಿದಳು.

“ಅದರ ಮೇಲೆ ಯಾರ್ಯಾರು ಮಲಗಿದ್ರು?”

“ಯಾವುದರ ಮೇಲಮ್ಮ?”

“ಗಿಡ್ಡ ಹಾಸಿಗೆ.”

“ಬಾಡಿಗೆಯೋರು, ಇನ್ಯಾರು. ಹೊಸದಾಗಿ ಮದುವೆಯಾದೋರು ಜಾಸ್ತಿ. ಹುಡುಗೀರು ಆ ಕಡೇನೇ ಮಲಗ್ತಿದ್ರು ಅನ್ಸತ್ತೆ. ಗಂಡಂದಿರು ಉದ್ದ ಇರ್ತಾರಲ್ಲ.”

ಅವಳ ಕಣ್ಣೀರು ಅಲ್ಲೇ ಒಣಗಿತು. ತನ್ನ ಹಿಮ್ಮಡಿಯ ಅಳತೆಯ ಮೇಲೆ, ತನ್ನ ನಿದ್ದೆಗೆಂದು ಕಟ್ಟಿದ ಗೋಡೆಯ ಪಕ್ಕ, ಊರೂರ ಹುಡುಗಿಯರು ಹಾಯಾಗಿ ಬಿದ್ದುಕೊಂಡಿದ್ದರು. ಜೊತೆಗೆ ಬಯ್ದೂ ಇದ್ದರು.

“ಅದನ್ನ ತಂದ್ಕೊಡಿ. ಇವತ್ತೇ.”

*

ಮಣ್ಣು ಮಾಡಿ ಬಂದ ಮೇಲೆ ನೆಂಟರು ಒಬ್ಬೊಬ್ಬರಾಗಿ ಕರಗಿದರು. ನಾದಿನಿ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು, ಯಾರನ್ನೋ ಉಜ್ಜುತ್ತಿರುವ ಹಾಗೆ. ಕಟಿಂಗ್ ಶಾಪಿನವನು ಮನೆಗೆ ಹೋಗಲಾರದೆ ಗೋಡೆಗೊರಗಿ ನಿಂತಿದ್ದ. ಬಿಸಿಲು ಇಳಿಯುವ ಹೊತ್ತಿಗೆ ದೋಣಿಯ ಯಜಮಾನ ಹಾಸಿಗೆಯನ್ನು ಭುಜದ ಮೇಲೆ ಹೊತ್ತು ತಂದು, ಬೆಳಿಗ್ಗೆ ಹೆಣವಿದ್ದ ಜಾಗದಲ್ಲೇ ಹಾಸಿದ.

ನೀಲಿ ಬಟ್ಟೆ ಬಿಸಿಲಿಗೆ ಬೆಳ್ಳಗಾಗಿತ್ತು. ಉಪ್ಪುನೀರಿನ ವಾಸನೆ, ಒಂದು ಮೂಲೆಯಲ್ಲಿ ಟೀ ಕಲೆ. ಹೊಲಿಗೆ ಮಾತ್ರ ಎಲ್ಲೂ ಬಿಟ್ಟಿರಲಿಲ್ಲ.

ದಿನವಿಡೀ ನಿಂತಿದ್ದ ಕಟಿಂಗ್ ಶಾಪಿನವನು ಮೊಣಕಾಲು ಮಡಚಿ, ಉಸ್ಸಪ್ಪಾ ಎಂದು ಅದರ ಮೇಲೆ ಕೂರಲು ಹೋದ.

“ಏಳಿ,” ಎಂದಳು ಅವಳು.

ಅವನಿನ್ನೂ ಕೂತಿರಲಿಲ್ಲ. ಆದರೂ ಎದ್ದ.

“ಇನ್ನೊಂದೆಲ್ಲಿ?” ಎಂದು ಅವಳು ಯಜಮಾನನನ್ನು ಕೇಳಿದಳು.

“ಬಲಗಡೆದಾ? ಅದು ದೋಣೀಲೇ ಇದೆ. ಅದರದೇನೂ ತೊಂದರೆ ಇಲ್ಲಮ್ಮ, ಅದು ಯಾರಿಗಾದ್ರೂ ಸರಿಹೋಗತ್ತೆ.”

“ಯಾರಿಗಾದ್ರೂನಾ?”

ಯಜಮಾನ ಭುಜದ ಮೇಲಿನ ಧೂಳು ಕೊಡವಿಕೊಂಡ.

“ಅದನ್ನೂ ತನ್ನಿ.”

“ನಾಳೆ ಬಾಡಿಗೆಗೆ ಬರ್ತಾರಮ್ಮ...”

“ನೆಲದ ಮೇಲೆ ಮಲಗ್ಲಿ.”

“ನಡೀರಿ,” ಎಂದು ಕಟಿಂಗ್ ಶಾಪಿನವನು ಯಜಮಾನನ ಬೆನ್ನು ತಟ್ಟಿದ. “ನಾನೂ ಬರ್ತೀನಿ, ಹಿಡ್ಕೊಳ್ಳೋಕೆ.”

ಅವರು ಮರಳಿ ಬಂದಾಗ ಬೀದಿಯ ದೀಪಗಳು ಹತ್ತಿಕೊಂಡಿದ್ದವು. ಉದ್ದದ ಹಾಸಿಗೆ ಕಟಿಂಗ್ ಶಾಪಿನವನ ತಲೆಯ ಮೇಲಿತ್ತು. ಎದುರು ಬಂದವರು ಹಿಂದೊಮ್ಮೆ ಹಾಯಿಗೆ ದಾರಿ ಬಿಟ್ಟಂತೆ ಗೋಡೆ ಸವರಿ ನಡೆದರು. ಅವಳು ನಿಂತು ಹಾಸಿಸಿದಳು. ಕಾಲಿನ ಕಡೆ ಎರಡೂ ಕೂಡಬೇಕು, ತಲೆಯ ಕಡೆ ಅಗಲವಾಗಬೇಕು, ನಡುವೆ ಸಂದಿ. ಇನ್ನೂ ಈ ಕಡೆ, ಇನ್ನೂ ಸ್ವಲ್ಪ, ಹಾಂ. ಮುಂದಿನ ಕೋಣೆಯ ನೆಲದ ಮೇಲೆ, ತೆರೆದ ಬಾಗಿಲಿಗೆ ಮುಖಮಾಡಿ, ದೋಣಿಯ ಮೂತಿಯೊಂದು ಮೂಡಿತು.

ನಾದಿನಿ ಒದ್ದೆ ಕೈಯಲ್ಲೇ ಬಂದು ನಿಂತಳು. ಗಂಡಸರಿಬ್ಬರೂ ಹೊಸ್ತಿಲ ಆಚೆ ಸರಿದರು. ಅತ್ತಿಗೆ ಸೆರಗು ಸುತ್ತಿಕೊಂಡು ಎಡಗಡೆಯ ಹಾಸಿಗೆಯ ಮೇಲೆ ಅಂಗಾತ ಮಲಗಿ ಕಾಲು ಚಾಚಿದಳು. ಹಿಮ್ಮಡಿಗಳು ಕೊನೆಯ ಹೊಲಿಗೆಗೆ ಬಂದು ನಿಂತವು, ಕೂದಲೆಳೆಯಷ್ಟೂ ಆಚೆಗಿಲ್ಲ, ಈಚೆಗಿಲ್ಲ. ಬಲಗೈ ಗೋಡೆಯಂಥ ಆ ಸುರುಳಿಯನ್ನು ದಾಟಿ, ಸಂದಿಯನ್ನು ದಾಟಿ, ಪಕ್ಕದ ಹಾಸಿಗೆಯ ಅಂಚನ್ನು ಹಿಡಿದುಕೊಂಡಿತು, ಯಾರೂ ಬಂದು ಅಲ್ಲಿ ಮಲಗದ ಹಾಗೆ.